ಕರೆಯಬಾರದ ಹೆಸರು

ಒಂದು ನಾಡಿತ್ತು. ನಾಡಿನ ಸುತ್ತ ಹೊಳೆ, ಹೊಳೆಯ ಆಚೆ ಬಯಲು. ಬಯಲೆಂದರೆ ಬರೀ ಬಯಲು. ಮರವಿಲ್ಲ, ಬಂಡೆಯಿಲ್ಲ, ಅತ್ತ ನೋಡಿದರೂ ಅದೇ, ಇತ್ತ ನೋಡಿದರೂ ಅದೇ. ನಾಡಿನಿಂದ ನೋಡಿದರೆ ಬಯಲು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಬಯಲಿನಿಂದ ನೋಡಿದರೆ ನಾಡು ಕಾಣುತ್ತಿರಲಿಲ್ಲ. ಹೊಳೆ ದಾಟಿ ಆಚೆ ದಡ ಹತ್ತಿದವನು ಹತ್ತು ಹೆಜ್ಜೆ ನಡೆದು ಹಿಂದಿರುಗಿ ನೋಡಿದರೆ ಹೊಳೆಯೂ ಇಲ್ಲ, ಊರೂ ಇಲ್ಲ. ಯಾಕೆ ಹೀಗೆ ಎಂದು ಆ ನಾಡಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಬೆಂಕಿ ಯಾಕೆ ಸುಡುತ್ತದೆ ಎಂದು ನಾವು ಕೇಳುತ್ತೇವೆಯೇ, ಹಾಗೆ.

ಅಷ್ಟಿದ್ದೂ ಜನ ಬಯಲಿಗೆ ಇಳಿಯಲೇಬೇಕಿತ್ತು. ಆ ನಾಡಿನಲ್ಲಿ ಜೋಳ ಬೆಳೆಯುತ್ತಿತ್ತು, ಹತ್ತಿ ಬೆಳೆಯುತ್ತಿತ್ತು, ಜಗಳವಂತೂ ಹುಲುಸಾಗಿ ಬೆಳೆಯುತ್ತಿತ್ತು. ಉಪ್ಪು ಮಾತ್ರ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಪಾಳಿಯ ಪ್ರಕಾರ ನಲವತ್ತು ಮಂದಿ ಎತ್ತುಗಳ ಬೆನ್ನಿಗೆ ಖಾಲಿ ಗೋಣಿ ಹಾಕಿಕೊಂಡು ಬಯಲು ದಾಟಿ ಉಪ್ಪಿಗೆ ಹೋಗುತ್ತಿದ್ದರು. ಮುಂಗಾರು ಹಿಡಿದು ಹೊಳೆ ತುಂಬುವುದರೊಳಗೆ ಬಂದುಬಿಡಬೇಕು. ಹೊಳೆ ತುಂಬಿದರೆ ನಾಲ್ಕು ತಿಂಗಳು ದಾಟುವ ಹಾಗಿಲ್ಲ. ಬಯಲಿನಲ್ಲಿ ನಾಲ್ಕು ತಿಂಗಳು ಬದುಕಿದವರನ್ನು ಯಾರೂ ಕಂಡಿಲ್ಲ.

ಅವರನ್ನು ಮನೆಗೆ ತರುತ್ತಿದ್ದುದು ನಾಡಿನ ಹೆಸರು. ಹೊಳೆಯ ದಂಡೆಗೆ ಒಂದು ಬಂಡೆಯಿತ್ತು. ದನ ಕೊಟ್ಟಿಗೆಗೆ ತಿರುಗುವ ಹೊತ್ತಿಗೆ ಒಬ್ಬ ಹೆಂಗಸು ಆ ಬಂಡೆ ಹತ್ತಿ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಬಯಲಿನ ಕಡೆ ಮುಖ ಮಾಡಿ ಮೂರು ಸಲ ಕೂಗುತ್ತಿದ್ದಳು: "ಇಂಬಾಳೇ! ಇಂಬಾಳೇ! ಇಂಬಾಳೇ!" ಇಂಬಾಳೆ ಎಂದರೆ ಆ ನಾಡು. ಕೂಗು ಬಯಲಿನ ಮೇಲೆ ಬಹುದೂರ ಹೋಗುತ್ತಿತ್ತು. ಅದು ಕಿವಿಗೆ ಬಿದ್ದವರ ಕಾಲು ತಾನಾಗಿ ಮನೆಯ ಕಡೆ ತಿರುಗುತ್ತಿತ್ತು. ತಲೆ ಬೇರೆ ಕಡೆ ಹೋಗೆಂದರೂ ಕಾಲು ಕೇಳುತ್ತಿರಲಿಲ್ಲ.

ಕೂಗುವ ಹೆಂಗಸನ್ನು ಎಲ್ಲರೂ ಕೂಗವ್ವ ಎನ್ನುತ್ತಿದ್ದರು. ಅವಳ ತಾಯಿಯೂ ಕೂಗವ್ವ, ತಾಯಿಯ ತಾಯಿಯೂ ಕೂಗವ್ವ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೂ ಒಂದಿತ್ತು. ಬಂಡೆ ಹತ್ತಿದ ದಿನದಿಂದ ಅದನ್ನು ಯಾರೂ ಕರೆದಿರಲಿಲ್ಲ. ಕರೆಯದ ಹೆಸರು ಅವಳಿಗೇ ಮರೆತ ಹಾಗಾಗಿತ್ತು. ಬಂಡೆಯ ಬುಡದಲ್ಲಿ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಉಪ್ಪಿಗೆ ಹೋಗುವವರು ಹೊಳೆಯಿಂದ ಒಂದೊಂದು ಕಲ್ಲು ಆರಿಸಿ ಆ ಗಡಿಗೆಗೆ ಹಾಕಿ ಹೋಗಬೇಕು. ಬಂದವರು ತಮ್ಮ ಕಲ್ಲನ್ನು ತೆಗೆದು ಮತ್ತೆ ಹೊಳೆಗೆ ಎಸೆಯಬೇಕು. ಗಡಿಗೆಯಲ್ಲಿ ಕಲ್ಲಿರುವವರೆಗೆ ಕೂಗವ್ವ ಒಂದು ಸಂಜೆಯೂ ತಪ್ಪಿಸುವಂತಿಲ್ಲ.

ಆ ವರ್ಷ ಗಡಿಗೆಯಲ್ಲಿ ಬಿದ್ದ ನಲವತ್ತು ಕಲ್ಲುಗಳಲ್ಲಿ ಒಂದು ಅವಳ ಮಗಳು ದೇಮವ್ವನದು. ಕೆಂಪು ಗೆರೆಯ ಬಿಳಿ ಕಲ್ಲು. ದೇಮವ್ವ ಉಪ್ಪಿಗೆ ಹೋದದ್ದು ಅದೇ ಮೊದಲು.

"ನಿನಗ್ಯಾಕವ್ವಾ ಉಪ್ಪಿನ ಉಸಾಬರಿ? ನಮ್ಮ ಮನಿಗೆ ಪಾಳಿ ಇಲ್ಲ," ಎಂದಿದ್ದಳು ಕೂಗವ್ವ.

"ಯವ್ವಾ, ನೀ ಕೂಗೂದನ್ನ ಇಲ್ಲಿ ನಿಂತಷ್ಟ ಕೇಳೀನಿ. ಬಯಲಾಗ ನಿಂತವರಿಗೆ ಅದು ಹೆಂಗ ಕೇಳತೈತಿ ಅಂತ ಒಮ್ಮಿ ನೋಡಬೇಕು. ನಿನ್ನ ಹಿಂದ ನಾನ ಕೂಗಾಕಿ ಅಲ್ಲೇನು? ಅದನ್ನ ತಿಳಕೊಳ್ಳದ ಹೆಂಗ ಕೂಗಲಿ?"

ತಾಯಿ ತಿಂಗಳುಗಟ್ಟಲೆ ಕೆಡದ ಒಣ ಕಟಕರೊಟ್ಟಿ ಕಟ್ಟಿಕೊಟ್ಟಳು.

ಉಪ್ಪಿನವರು ಅತ್ತ ಹೋದರು, ಇತ್ತ ನಾಡಿಗೆ ಒಂದು ಹುಕಿ ಬಂತು. ಹೊಳೆಯ ದಂಡೆಗೆ ದೊಡ್ಡದೊಂದು ಕಲ್ಲು ನಿಲ್ಲಿಸಬೇಕು, ಅದರ ಮೇಲೆ ನಾಡಿನ ಹೆಸರು ಕೆತ್ತಿಸಬೇಕು, ಹೆಸರಿನ ಕೆಳಗೆ ಅದು ಎಲ್ಲಿಂದ ಬಂತು ಅನ್ನುವುದನ್ನೂ ಕೆತ್ತಿಸಬೇಕು. ಕಲ್ಲು ಬಂತು, ನಿಂತಿತು. ಕಲ್ಲುಕುಟಿಗ ಉಳಿ ಹಿಡಿದು, "ಏನಂತ ಕೆತ್ತಲ್ರಿ?" ಎಂದು ಕೇಳಿದ. ಪಾಪ, ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾಡಿನಲ್ಲಿ ಮೇಲ್ಸೀಮೆ, ಕೆಳಸೀಮೆ ಎಂದು ಎರಡು ಸೀಮೆ, ಎರಡಕ್ಕೂ ಒಬ್ಬೊಬ್ಬ ಹಿರಿಯ.

"ಇಂಬಾಳ ಅಂದ್ರ ನಮ್ಮ ಮೂಲಪುರುಷ," ಎಂದ ಮೇಲ್ಸೀಮೆಯ ಹಿರಿಯ. "ಒಂದ ಕತ್ತಿಲೇ ನೂರು ಮಂದೀನ್ನ ಕಡದಾಂವ. ಈ ಹೆಸರು ಮೇಲ್ಸೀಮಿದು. ಕೆಳಗಿನವರು ಕಡಾ ತಂದು ಬಳಸಾಕತ್ತಾರ, ಅಷ್ಟ."

"ಇಂಬಾಳವ್ವ ಅಂದ್ರ ನಮ್ಮ ಹೊಳಿ ಉಸುಕಿನಾಗ ಎದ್ದ ದೇವಿ," ಎಂದ ಕೆಳಸೀಮೆಯ ಹಿರಿಯ. "ಆಕಿ ಕಾಲೂರಿದ್ದು ಕೆಳಸೀಮ್ಯಾಗ. ಮ್ಯಾಲಿನವರು ಆ ಹೆಸರನ್ನ ಬಾಯಾಗ ಹಾಕ್ಕೊಳ್ಳೂದ ತಪ್ಪು."

ಕತ್ತಿ ಎಲ್ಲಿದೆ ತೋರಿಸಿ ಎಂದಿತು ಕೆಳಸೀಮೆ. ದೇವಿಯ ಹೆಜ್ಜೆ ಎಲ್ಲಿದೆ ತೋರಿಸಿ ಎಂದಿತು ಮೇಲ್ಸೀಮೆ. ಎಂಟು ದಿನದೊಳಗೆ ಕತ್ತಿಯೂ ಸಿಕ್ಕಿತು, ಹೆಜ್ಜೆಯೂ ಸಿಕ್ಕಿತು. ಕತ್ತಿಯ ಹಿಡಿಗೆ ಬಳಿದ ಎಣ್ಣೆ ಇನ್ನೂ ಆರಿರಲಿಲ್ಲ. ಹೆಜ್ಜೆಯ ಗುರುತಿನೊಳಗೆ ಕಲ್ಲಿನ ಪುಡಿ ಇನ್ನೂ ಬೆಳ್ಳಗಿತ್ತು. ಅದನ್ನು ನೋಡಿಯೂ ಯಾರೂ ನಗಲಿಲ್ಲ. ನಗುವ ಬದಲು ಬಡಿದಾಡಿದರು. ನಾಲ್ಕು ತಲೆ ಒಡೆದವು, ಕೊಟ್ಟು ತಂದಿದ್ದ ಹೆಣ್ಣುಗಳು ತವರಿಗೆ ಹೋಗುವುದು ನಿಂತಿತು. ಕೊನೆಗೆ ಎರಡೂ ಸೀಮೆಯವರು ಸಭೆ ಕೂಡಿ, ಹೆಸರಿನ ಹುಟ್ಟು ಇತ್ಯರ್ಥವಾಗುವವರೆಗೆ ಅದು ಯಾರ ಬಾಯಲ್ಲೂ ಬರಕೂಡದು ಎಂದು ಕಟ್ಟು ಮಾಡಿದರು. ಕರೆದವರ ಮನೆಗೆ ಬೆಂಕಿಯಿಲ್ಲ, ನೀರಿಲ್ಲ.

ಡಂಗುರದವನ ಪಾಡು ನೋಡಬೇಕಿತ್ತು. ಯಾವ ಹೆಸರು ಎಂದು ಹೇಳಿದರೆ ಮೊದಲು ಅವನ ಮನೆಯ ಒಲೆಯೇ ಆರಬೇಕು. "ಕೇಳ್ರಪೋ ಕೇಳ್ರಿ, ಆ ಹೆಸರನ್ನ ಯಾರೂ ಕರೀಬಾರದು!" ಎಂದು ಸಾರುತ್ತ ಓಣಿ ಓಣಿ ತಿರುಗಿದ. ಅಂದಿನಿಂದ ಜನ ನಾಡನ್ನು 'ಅದು' ಎನ್ನತೊಡಗಿದರು. ಹೆಣ್ಣು ಯಾವ ನಾಡಿನವಳು ಎಂದರೆ ಅದರವಳು. ಈ ಜೋಳ ಎಲ್ಲಿಯದು ಎಂದರೆ ಅದರದು. ಜೋಗುಳ ಹಾಡುವ ತಾಯಂದಿರು ನಾಡಿನ ಹೆಸರು ಬರುವಲ್ಲಿಗೆ ಬಂದು ನಿಲ್ಲಿಸುತ್ತಿದ್ದರು. ಕೂಸುಗಳು ಅಲ್ಲಿಗೆ ಸರಿಯಾಗಿ ಎಚ್ಚರವಾಗಿ ಅಳುತ್ತಿದ್ದವು.

ಡಂಗುರ ಸಾರಿದ ಸಂಜೆ ಕೂಗವ್ವ ಬಂಡೆ ಹತ್ತಲು ಹೋದಾಗ ಬುಡದಲ್ಲಿ ಕಾವಲಿನವನು ಕೂತಿದ್ದ. ನಡುವಯಸ್ಸಿನವನು, ಕೈಯಲ್ಲಿ ಬಡಿಗೆ. ಗಡಿಗೆಯಲ್ಲಿದ್ದ ಕಲ್ಲುಗಳಲ್ಲಿ ಅವನ ತಂಗಿಯದೂ ಒಂದಿತ್ತು.

"ಹತ್ತಬ್ಯಾಡ ಅಂದಿಲ್ಲ, ಕೂಗಬ್ಯಾಡ ಅಂದಾರ," ಎಂದ ಅವನು ನೆಲ ನೋಡುತ್ತ.

ಅವಳು ಹತ್ತಿದಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. ಎದೆಯಿಂದ ಎದ್ದ ಕೂಗನ್ನು ಗಂಟಲಲ್ಲೇ ನುಂಗಿದಳು. ಮೂರು ಸಲ ನುಂಗಿ ಇಳಿದಳು.

ಮಾರನೆಯ ದಿನ ಅವಳು ಸಭೆಗೆ ಹೋದಳು. ಅವಳ ಮನೆತನದವರು ಯಾರೂ ಸಭೆಯಲ್ಲಿ ಮಾತಾಡಿದವರಲ್ಲ. ಹೊರಗೆ ಕೂಗುವ ಬಾಯಿಗೆ ಒಳಗೆ ಮಾತಿಲ್ಲ ಎಂಬಂತಿತ್ತು.

"ಹಿರ್ಯಾರ, ಹೆಸರಿನ ಹುಟ್ಟು ನನಗ ಗೊತ್ತೈತಿ. ನಮ್ಮವ್ವ ಹೇಳ್ಯಾಳ, ಅವರವ್ವ ಅಕೀಗೆ ಹೇಳಿದ್ಲು. ಹೇಳತೀನಿ, ಕೆತ್ತಸ್ರಿ. ಕೆತ್ತಿಸಿ ನನಗ ಕೂಗಾಕ ಬಿಡ್ರಿ. ನಲವತ್ತು ಮಂದಿ ಹೊರಗದಾರ."

ಹೇಳು ಎಂದರು. ಅವಳು ಹೇಳಿದಳು. ಹೆಸರೇ ಇರದ ಕಾಲದಲ್ಲಿ ಈ ಹೊಳೆಯ ದಂಡೆಗೆ ಬುಟ್ಟಿ ಹೆಣೆಯುವವಳೊಬ್ಬಳಿದ್ದಳು. ಅವಳಿಗೊಬ್ಬಳೇ ಮಗಳು, ಇಂಬಾಳೆ. ಹುಡುಗಿ ಒಂದು ದಿನ ಕರುವಿನ ಬೆನ್ನು ಹತ್ತಿ ಬಯಲಿಗೆ ಹೋದಳು, ಕರು ಬಂತು, ಅವಳು ಬರಲಿಲ್ಲ. ತಾಯಿ ದಿನಾ ಸಂಜೆ ಬಂಡೆ ಹತ್ತಿ ಮಗಳ ಹೆಸರು ಹಿಡಿದು ಕರೆದಳು. ಕರೆದು ಕರೆದು ಮುದುಕಿಯಾದಳು. ಬಯಲಲ್ಲಿ ದಾರಿ ತಪ್ಪಿದವರು ಆ ದನಿ ಹಿಡಿದು ದಡಕ್ಕೆ ಬಂದರು. ಯಾವ ನಾಡಿಗೆ ಹೋಗುತ್ತೀರಿ ಎಂದು ಬಯಲಿನಾಚೆಯವರು ಕೇಳಿದರೆ, ಇಂಬಾಳೇ ಇಂಬಾಳೇ ಎಂದು ಕೂಗುತ್ತಾರಲ್ಲ, ಅಲ್ಲಿಗೆ ಎಂದರು. ಮುದುಕಿ ಸತ್ತಳು. ಸತ್ತ ಸಂಜೆ ಕೂಗಿಲ್ಲದೆ ಇಬ್ಬರು ಬಯಲಲ್ಲೇ ಉಳಿದರು. ಮರುದಿನ ನೆರೆಮನೆಯವಳು ಬಂಡೆ ಹತ್ತಿದಳು. "ಅಕೀನ ನಮ್ಮ ಮೊದಲನೇ ಕೂಗವ್ವ," ಎಂದಳು ಕೂಗವ್ವ. "ಬುಟ್ಟಿಯವಳ ಮಗಳು ಕಡೀಗೂ ಬರಲಿಲ್ಲ. ಅಕೀ ಹೆಸರು ಮಾತ್ರ ಎಲ್ಲಾರನ್ನೂ ಮನಿಗೆ ತಂತು."

ಮೇಲ್ಸೀಮೆಯ ಹಿರಿಯ ಕೆಳಸೀಮೆಯ ಹಿರಿಯನ ಮುಖ ನೋಡಿದ. ಎಷ್ಟೋ ದಿನದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡಿದ್ದು ಅದೇ.

"ಬುಟ್ಟಿ ಹೆಣಿಯಾಕಿ ಕೂಸಿನ ಹೆಸರು ಹೇಳ್ಕೊಂಡು ನಾವು ಇಷ್ಟು ವರ್ಷ ಮೀಸಿ ತಿರುವಿದಿವೇನು?" ಎಂದ ಒಬ್ಬ.

"ಕರುವಿನ ಬೆನ್ನ ಹತ್ತಿ ಹೋದ ಹುಡುಗಿ!" ಎಂದ ಇನ್ನೊಬ್ಬ. "ಕೂಗವ್ವಾ, ಕೂಗೂದು ನಿನ್ನ ಕೆಲಸ. ಏನು ಕೂಗಬೇಕು, ಯಾಕ ಕೂಗಬೇಕು, ಅದು ನಮ್ಮ ಕೆಲಸ. ನಡಿ ಮನಿಗೆ."

ಇಬ್ಬರು ಹಿರಿಯರೂ ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಂಡರು. ನಾಡಿನಲ್ಲಿ ಆ ದಿನ ಒಗ್ಗಟ್ಟು ಮೂಡಿತು ಎಂದು ಜನ ಹೇಳಿಕೊಂಡರು. ಕೂಗವ್ವ ಸಿಟ್ಟಾದದ್ದು ತನ್ನ ಮಾತನ್ನು ತಳ್ಳಿಹಾಕಿದ್ದಕ್ಕಲ್ಲ; ನಲವತ್ತು ಮಂದಿ ಹೊರಗಿದ್ದಾರೆ ಎಂದು ಹೇಳಿದಾಗ ಯಾರೂ ಬಯಲಿನ ಕಡೆ ತಲೆಯನ್ನೂ ತಿರುಗಿಸಲಿಲ್ಲವಲ್ಲ, ಅದಕ್ಕೆ.

ಉಪ್ಪಿನವರು ತಿರುಗಿ ಬರುವ ದಿನಗಳು ಬಂದವು. ಬಂಡೆಯ ಮೇಲಿಂದ ಕೂಗವ್ವನಿಗೆ ಅವರು ಕಂಡರು. ದೂರದಲ್ಲಿ ಎತ್ತುಗಳ ಸಾಲು, ಸಾಲಿನ ಕೊನೆಗೆ ತಲೆಗೆ ಕೆಂಪು ಬಟ್ಟೆ ಕಟ್ಟಿದ ಒಂದು ಚುಕ್ಕೆ. ದೇಮವ್ವ. ಸಾಲು ಹೊಳೆಯ ಹತ್ತಿರಕ್ಕೆ ಬಂತು, ನಿಂತಿತು, ಹೊರಳಿ ದೂರಕ್ಕೆ ಹೋಯಿತು. ಮರುದಿನ ಇನ್ನೊಂದು ಕಡೆಯಿಂದ ಬಂತು, ಮತ್ತೆ ಹೊರಳಿತು. ಬೆರಳಿನಿಂದ ದಾರಿ ಅಳಿಸಿದ ಮೇಲೆ ಇರುವೆಗಳು ಸುತ್ತುತ್ತವಲ್ಲ, ಹಾಗೆ ಅವರು ಸುತ್ತುತ್ತಿದ್ದರು. ಡೊಳ್ಳು ಬಡಿಯಿರಿ ಎಂದರು ಹಿರಿಯರು. ಡೊಳ್ಳಿನ ಸದ್ದು ಬಯಲಲ್ಲಿ ಎಲ್ಲ ದಿಕ್ಕಿನಿಂದಲೂ ಬಂದ ಹಾಗಾಗಿ, ಒಂದಾಗಿದ್ದ ಸಾಲು ಮೂರಾಗಿ ಒಡೆಯಿತು. ಡೊಳ್ಳು ನಿಲ್ಲಿಸಿದರು. ಮೇಲ್ಸೀಮೆಯ ಹಿರಿಯನ ಮಗನೂ ಆ ಸಾಲಿನಲ್ಲಿದ್ದ. ಹೆಸರಿಗಾಗಿ ಮಗ ಹೋದರೆ ಹೋಗಲಿ ಎಂದು ಸಭೆಯಲ್ಲಿ ಎದೆ ತಟ್ಟಿದ್ದವನು, ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಬಂದು ಗಡಿಗೆಯೊಳಗೆ ಇಣುಕಿ ಹೋಗುತ್ತಿದ್ದ.

ಅವರು ಕಾಣಿಸಿಕೊಂಡ ಹನ್ನೊಂದನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಗಾಳಿಗೆ ಹಸಿ ಮಣ್ಣಿನ ವಾಸನೆ ಬಂತು. ಹೊಳೆಯ ನೀರು ಕೆಂಪಗಾಯಿತು. ನೀರು ಕಡಿಮೆಯಿರುವ ಹಾಯ್ಗಡದಲ್ಲಿ ಜನರನ್ನು ಹೊಳೆ ದಾಟಿಸುವ ಅಜ್ಜ ಉದ್ದ ಗಳವನ್ನು ನೀರಿಗೆ ಇಳಿಸಿ ನೋಡಿ, "ಇವತ್ತೊಂದ ಸಂಜಿ, ಅಷ್ಟ," ಎಂದ.

ಕೂಗವ್ವ ಬಂಡೆ ಹತ್ತಿದಳು. ಕೆಂಪು ಚುಕ್ಕೆಗಾಗಿ ಬಯಲಿಡೀ ಹುಡುಕಿದಳು; ಧೂಳಿನಲ್ಲಿ ಕಾಣಲಿಲ್ಲ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. ಈ ಸಲ ನುಂಗಲಿಲ್ಲ.

"ದೇಮೀ! ದೇಮವ್ವಾ! ಬಾರವ್ವಾ ಮನೀಗೆ!"

ಕಾವಲಿನವನು ಬಡಿಗೆ ಹಿಡಿದು ಧಡಕ್ಕನೆ ಎದ್ದ. "ಕೂಗವ್ವಾ! ಕೂಗಬಾರದು ಅಂದಾರ!"

"ಆ ಹೆಸರು ನಾ ಕೂಗಿಲ್ಲ. ನನ್ನ ಮಗಳನ್ನ ಕರಿಯಾಕತ್ತೀನಿ. ಮಗಳನ್ನ ಕರಿಯಾಕೂ ಸಭಿ ಕೂಡಬೇಕೇನು?"

ಅವನು ಬಡಿಗೆ ಕೆಳಗಿಟ್ಟ. ಅವಳು ಕರೆದಳು. ಮೂರು ಸಲವಲ್ಲ, ಮೂವತ್ತು ಸಲವಲ್ಲ. ಮೊದಲ ಹನಿ ಬೀಳುವವರೆಗೆ ಕರೆದಳು, ಬಿದ್ದ ಮೇಲೂ ಕರೆದಳು. ಬಯಲಿನಲ್ಲಿ ಸುತ್ತುತ್ತಿದ್ದ ಸಾಲು ನಿಂತಿತು. ಒಂದು ಎತ್ತು ತಲೆ ಎತ್ತಿತು. ಆಮೇಲೆ ಒಬ್ಬೊಬ್ಬರ ಕಾಲೂ ತಾನಾಗಿ ತಿರುಗಿತು. ನಾಡಿನ ಹೆಸರಿಗೆ ಮಾತ್ರ ತಿರುಗುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲು ಒಬ್ಬ ಹುಡುಗಿಯ ಹೆಸರಿಗೆ ತಿರುಗಿತು.

ಅವರು ಬಂದರು. ಉಪ್ಪಿನ ಗೋಣಿ ಒದ್ದೆಯಾಗಿ, ತುಟಿ ಒಡೆದು, ಅಳುತ್ತ ನಗುತ್ತ ಬಂದರು. ಅಜ್ಜ ಒಬ್ಬೊಬ್ಬರನ್ನೂ ಗಳ ಹಿಡಿಸಿ ದಾಟಿಸಿದ. ಕಾವಲಿನವನು ತಂಗಿಯನ್ನು ತಬ್ಬಿಕೊಂಡ. ಮೇಲ್ಸೀಮೆಯ ಹಿರಿಯ ತನ್ನ ಮಗನ ಬೆನ್ನು ಸವರಿ, ಯಾರಾದರೂ ನೋಡಿದರೇನೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡ. ಬಂದವರು ಗಡಿಗೆಗೆ ಕೈ ಹಾಕಿ ತಮ್ಮ ತಮ್ಮ ಕಲ್ಲು ತೆಗೆದು ಹೊಳೆಗೆ ಎಸೆದರು. ಕೊನೆಯವನು ಎಸೆದ ಮೇಲೆ ಕೂಗವ್ವ ಗಡಿಗೆಯೊಳಗೆ ನೋಡಿದಳು. ಕೆಂಪು ಗೆರೆಯ ಬಿಳಿ ಕಲ್ಲು ತಳದಲ್ಲಿತ್ತು.

"ನನ್ನ ಮಗಳು?"

ಕಾವಲಿನವನ ತಂಗಿ ಮುಂದೆ ಬಂದಳು. "ಡೊಳ್ಳಿನ ಸದ್ದಿಗೆ ನಾವು ಚದುರಿ ಹೋದ್ವಿ, ಯವ್ವಾ. ದೇಮಿ ಒಬ್ಬಾಕಿ ಓಡ್ಯಾಡಿ, ಆ ಹಳೇ ಹೆಸರು ಕೂಗಿ ಕೂಗಿ ನಮ್ಮನ್ನ ಕೂಡಿಸಿದ್ಲು. ನಿನ್ನಂಗ ಕೂಗತಾಳ. ಎಲ್ಲಾರೂ ಸಿಕ್ಕಾರ ಅಂತ ಅಕೀಗೆ ಗೊತ್ತಾಗಲಿಲ್ಲೇನೋ, ಇನ್ನೂ ಯಾರೋ ಉಳದಾರ ಅಂತ ಮತ್ತ ಹಿಂದಕ ಹೋದ್ಲು. ಅಕೀ ಕೂಗೂದು ದೂರದಾಗ ಕೇಳಸ್ತಿತ್ತು. ಆಮ್ಯಾಲ ನಿನ್ನ ದನಿ ಬಂತು. ನಮ್ಮ ಕಾಲು ನಿಲ್ಲಲಿಲ್ಲವ್ವಾ. ನೀ ಕರದದ್ದು ಅಕೀ ಹೆಸರ ಅಲ್ಲೇನು, ಅಕೀನೂ ಬರತಾಳ ಅಂದ್ಕೊಂಡ್ವಿ."

ಹೊಳೆ ಆ ಸಂಜೆಯೇ ತುಂಬಿತು.

ನಾಲ್ಕು ತಿಂಗಳು ಕೂಗವ್ವ ಕೆಂಪು ನೀರಿನ ಮೇಲೆ ಮಗಳನ್ನು ಕರೆದಳು. ದನ ತಿರುಗುವ ಹೊತ್ತಿಗೆ ಬಂಡೆ, ಬಾಯಿಗೆ ಎರಡು ಕೈ, ದೇಮೀ, ದೇಮೀ, ದೇಮೀ. ಕೇಳುತ್ತ ಕೇಳುತ್ತ ಜನರಿಗೆ ಅದು ರೂಢಿಯಾಯಿತು. ಆ ಹೆಸರಿನಿಂದ ಮನೆ ಮುಟ್ಟಿದವರು ಅದನ್ನು ಬಿಡಲು ಒಪ್ಪಲಿಲ್ಲ. ಉಪ್ಪು ತಿನ್ನುವಾಗ ನೆನೆದರು, ಹೊಸ ಕೂಸಿಗೆ ಇಟ್ಟರು. 'ಅದು' ಎಂದು ಎಷ್ಟು ದಿನ ಅನ್ನುವುದು? ಜೋಗುಳದಲ್ಲಿ ಖಾಲಿ ಬಿದ್ದ ಜಾಗಕ್ಕೆ ತಾಯಂದಿರು ಅದನ್ನೇ ಹಾಕಿ ಹಾಡಿದರು, ಕೂಸುಗಳು ಮಲಗಿದವು. ಹೀಗೆ, ಯಾರೂ ತೀರ್ಮಾನ ಮಾಡದೆ, ನಾಡಿನ ಹೆಸರು ದೇಮವ್ವ ಎಂದಾಯಿತು.

ಕೂಗವ್ವನಿಗೆ ಮೊದಲು ಅದು ತಿಳಿಯಲಿಲ್ಲ. ತಿಳಿದ ದಿನ ಅವಳಿಗೆ ಸಂತೋಷವೂ ಆಯಿತು. ಇಷ್ಟು ಬಾಯಿ ಕರೆದರೆ ಒಂದಾದರೂ ಅವಳ ಕಿವಿಗೆ ಬಿದ್ದೀತು ಎಂದುಕೊಂಡಳು. ಆಮೇಲೆ ಬುಟ್ಟಿ ಹೆಣೆಯುವವಳ ನೆನಪಾಯಿತು: ಅವಳ ಮಗಳ ಹೆಸರೂ ನಾಡಿನದಾಗಿತ್ತು, ಮಗಳು ಬಂದಿರಲಿಲ್ಲ.

ಕಲ್ಲುಕುಟಿಗ ಮತ್ತೆ ಉಳಿ ಹಿಡಿದು ಬಂದ. ಏನಂತ ಕೆತ್ತಲ್ರಿ ಎಂದು ಮತ್ತೆ ಕೇಳಿದ.

"ದೇಮರಸ ಅಂತ ನಮ್ಮವ ಒಬ್ಬ ಇದ್ದ," ಎಂದ ಮೇಲ್ಸೀಮೆಯ ಹಿರಿಯ. "ಇಂಬಾಳನ ಅಣ್ಣ. ಕತ್ತಿ ಮೊದಲು ಅವಂದ ಇತ್ತು."

"ದೇಮವ್ವ ಅಂದ್ರ ನಮ್ಮ ಹೊಳಿ ದೇವೀದ ಇನ್ನೊಂದು ಹೆಸರು," ಎಂದ ಕೆಳಸೀಮೆಯ ಹಿರಿಯ. "ಹೆಜ್ಜಿ ಅದ ಐತಿ, ಬೇಕಾರ ನೋಡ್ರಿ."

"ಯಪ್ಪಾ, ಅಕಿ ನನ್ನ ಮಗಳು," ಎಂದಳು ಕೂಗವ್ವ ಮೇಲ್ಸೀಮೆಯ ಹಿರಿಯನಿಗೆ. "ಹ್ವಾದ ಸುಗ್ಗೀಗೆ ನಿಮ್ಮ ಕಣದಾಗ ರಾಶಿ ಮಾಡ್ಯಾಳ. ನಿಮ್ಮ ಕೈಯಿಂದ ಆಯದ ಕಾಳು ಇಸ್ಕೊಂಡಾಳ. ನಿಮ್ಮ ಮಗನ್ನ ಬಯಲಿನಿಂದ ತಂದಾಕಿ ಅಕೀನ."

ಹಿರಿಯನ ಮಗ ಅಲ್ಲೇ ನಿಂತಿದ್ದ. ಅವನು ಅಪ್ಪನ ಮುಖ ನೋಡಿದ, ಕೂಗವ್ವನ ಮುಖ ನೋಡಿದ, ಆಮೇಲೆ ತನ್ನ ಕಾಲಿನ ಹೆಬ್ಬೆರಳು ನೋಡಿದ. ಮತ್ತೆ ತಲೆಗಳು ಒಡೆದವು. ಮತ್ತೆ ಸಭೆ ಕೂಡಿತು.

ಆ ಸಂಜೆ ಕೂಗವ್ವ ಬಂಡೆಗೆ ಹೋದಾಗ ಕಾವಲಿನವನು ಎದ್ದು ನಿಂತ. ಅವನ ಕಣ್ಣು ತುಂಬಿತ್ತು.

"ಯವ್ವಾ, ಕೂಗಬ್ಯಾಡ ಅಂದಾರ."

"ನಾ ಎಲ್ಲಿ ಆ ಹೆಸರು ಕೂಗತೀನಿ?"

"ಅದಲ್ಲ. ಈ ಹೆಸರು."

"ಯಾವ ಹೆಸರು?"

ಅವನು ಬಾಯಿ ತೆರೆದ, ಮುಚ್ಚಿದ. ಹೇಳುವಂತಿರಲಿಲ್ಲ. ದೂರದ ಓಣಿಯಲ್ಲಿ ಡಂಗುರ ಕೇಳುತ್ತಿತ್ತು: ಕೇಳ್ರಪೋ ಕೇಳ್ರಿ, ಆ ಹೆಸರನ್ನ ಯಾರೂ ಕರೀಬಾರದು. ಅವಳಿಗೆ ಅರ್ಥವಾಯಿತು. ತಾನು ಹೆತ್ತು, ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೊದಲ ಸಲ ಉಸುರಿದ ಹೆಸರು ಇನ್ನು ತನ್ನ ಬಾಯಿಗೆ ಸೇರಿದ್ದಲ್ಲ. ಅಳಬೇಕು ಎನ್ನಿಸಿತು, ಅಳುವಾಗ ಬಾಯಿಗೆ ಬರುವುದೂ ಅದೇ ಹೆಸರು.

ಅವಳು ಗಡಿಗೆಯಿಂದ ಬಿಳಿ ಕಲ್ಲನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹಾಯ್ಗಡಕ್ಕೆ ಇಳಿದಳು. ಹೊಳೆ ಮೊಣಕಾಲಿನಷ್ಟಕ್ಕೆ ಇಳಿದಿತ್ತು.

"ಎಲ್ಲಿಗೆ?" ಎಂದ ಅಜ್ಜ.

"ಆಚೀಗೆ. ಅಲ್ಲಿ ಕರದ್ರ ಯಾರೂ ಕೇಳೂದಿಲ್ಲ."

ಅಜ್ಜ ಬೇಡ ಎನ್ನಲಿಲ್ಲ. ನೀರಿಗೆ ಕೈ ಹಾಕಿ ಒಂದು ಕಲ್ಲು ಆರಿಸಿ ಅವಳ ಮುಂದೆ ಹಿಡಿದ. "ಹೋಗವರು ಗಡಿಗ್ಯಾಗ ಕಲ್ಲು ಹಾಕಿ ಹೋಗಬೇಕವಾ. ರೂಢಿ."

"ಹಾಕಿದ್ರ ನನ್ನ ಕೂಗವರು ಯಾರು? ನಾಡಿಗೆ ಹೆಸರಿಲ್ಲ, ಬಂಡಿಗಲ್ಲಿನ ಮ್ಯಾಲ ಕೂಗವ್ವಿಲ್ಲ."

ಅಜ್ಜ ಗಳವನ್ನು ನೀರಿನಲ್ಲಿ ಊರಿದ. "ನಿನ್ನ ಹೆಸರೇನವಾ?" ಎಂದು ಕೇಳಿದ. "ನಿನ್ನ ಹುಟ್ಟಿದ ಹೆಸರು."

ಅವಳು ಬಹಳ ಹೊತ್ತು ಯೋಚಿಸಬೇಕಾಯಿತು. ಆಮೇಲೆ ಅವನ ಕಿವಿಯ ಹತ್ತಿರ ಬಾಗಿ ಹೇಳಿ, ನೀರಿಗೆ ಇಳಿದಳು. ಆಚೆ ದಡ ಹತ್ತಿ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದರೆ ಹೊಳೆಯೂ ಇರಲಿಲ್ಲ, ಅಜ್ಜನೂ ಇರಲಿಲ್ಲ.

ಅವಳು ನಡೆದಳು. ನಡೆಯುತ್ತ ಕರೆದಳು. ದೇಮೀ, ದೇಮೀ, ದೇಮೀ. ಬಾಯಿ ತುಂಬ, ಎದೆ ತುಂಬ, ಯಾರ ಅಪ್ಪಣೆಯೂ ಇಲ್ಲದೆ ಕರೆದಳು. ಎದುರಿನ ಬಯಲು ಸುಮ್ಮನಿತ್ತು. ಒಂದೊಂದು ಸಲ ಬಹಳ ದೂರದಲ್ಲಿ ಯಾರೋ ಹಳೆಯ ಹೆಸರನ್ನು ಕೂಗುತ್ತಿರುವ ಹಾಗೆ ಕೇಳುತ್ತಿತ್ತು. ನಿಂತು ಕಿವಿಗೊಟ್ಟರೆ ಗಾಳಿ.

ದನ ಮನೆಗೆ ತಿರುಗುವ ಹೊತ್ತಾಯಿತು. ಆಗ ಬೆನ್ನ ಹಿಂದೆ ಒಂದು ಕೂಗು ಎದ್ದಿತು. ಒಡಕು ದನಿ, ಕೂಗಿ ಅಭ್ಯಾಸವಿಲ್ಲದ ಮುದಿ ಗಂಟಲು. "ಬಾಳವ್ವಾ! ಬಾಳವ್ವಾ! ಬಾಳವ್ವಾ!" ಯಾರನ್ನೋ 'ಬಾ' ಎನ್ನುತ್ತಿದ್ದಾರೆ ಎಂದುಕೊಂಡಳು. ಅದು ತನ್ನ ಹೆಸರು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಜೀವಮಾನವೆಲ್ಲ ಕರೆದವಳು ಕರೆಸಿಕೊಂಡದ್ದು ಅದೇ ಮೊದಲು. ಬಯಲಲ್ಲಿ ನಿಂತವರಿಗೆ ಅದು ಹೀಗೆ ಕೇಳುತ್ತದೆ ಎಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ.

ಕಾಲು ತಾನಾಗಿ ಹಿಂದಕ್ಕೆ ತಿರುಗಿತು.

ಬಾಳವ್ವ ಬಗ್ಗಿದಳು. ಎರಡೂ ಕೈಯಿಂದ ಬಲಗಾಲನ್ನು ಹಿಡಿದು ಎತ್ತಿ, ಮುಂದಕ್ಕೆ ತಿರುಗಿಸಿ ಇಟ್ಟಳು. ಆಮೇಲೆ ಎಡಗಾಲನ್ನು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಮಗಳನ್ನು ಕರೆದಳು.